ಒಂದನೇತ್ತ ಸಿಕ್ಕ ಗೆಳೆಯಾಗ

ಕುಷ್ಟಗಿ, ಜೂನ್

ದೋಸ್ತಾ,

ಏಳನೇತ್ತಕ್ಕ ಗಣಿತ ಹೇಳಿಕೊಂಡು ಹಾಯಾಗಿದ್ದ ನಿನಗ ಈ ವರ್ಷ ನಲಿಕಲಿ ಕೊಟ್ಟಾರಂತ, ಅಂದ್ರ ಸಣ್ಣ ತರಗತಿ ಹುಡುಗ್ರನ್ನ ಕೂಡೇ ಕುಂದ್ರಿಸಿ ಕಾರ್ಡಿನಿಂದ, ಆಟದಿಂದ ಮೆಟ್ಟಿಲ ಮೆಟ್ಟಿಲ ಕಲಿಸೋ ತರಗತಿ. ಸುದ್ದಿ ಕೇಳಿ ಮೊದಲು ನಕ್ಕೆ, ಆಮ್ಯಾಲ ಬರಿಯಾಕ ಕುಂತೆ. ನಾಕು ಮಂದಿ ಕಣ್ಣಿಗೆ ಬೀಳೋಹಂಗ ಇಲ್ಲೇ ಬರೀತೀನಿ, ಯಾಕಂದ್ರ ಮುಂದ ನೀ ‘ಯಾರೂ ಹೇಳಲಿಲ್ಲ’ ಅನ್ನೋ ಪೈಕಿ. ಮೊದಲನೇ ಮಾತು: ಆ ಹಸಿರು ಛತ್ರಿ ಸಾಲಿಗೆ ಒಯ್ಯಬ್ಯಾಡ.

ಎರಡನೇದು, ಪೆನ್ಸಿಲ್ ಕೊಡಾಕ ಅವಸರ ಮಾಡಬ್ಯಾಡ. ಆರು ವರ್ಷದ ಬೆರಳಿಗೆ ಹಿಡಿತ ಇರಂಗಿಲ್ಲ, ಮುಷ್ಟಿಯಾಗ ಹಿಡಿದು ಒತ್ತಿದ್ರ ಹಾಳಿ ಹರೀತೈತಿ. ಕಾರಹುಣ್ಣಿವಿ ಆದ ಹದಿನೈದು ದಿನಕ್ಕ ಮಣ್ಣೆತ್ತಿನ ಅಮಾಸಿ ಬರತೈತಲ್ಲ, ಅದೇ ನಿನ್ನ ಮೊದಲನೇ ಪಾಠ. ಎರಿಮಣ್ಣು ಚೊಲೋ ನಾದಿಸು. ನೀರು ಹೆಚ್ಚಾದ್ರ ಕೋಡು ಬಾಗ್ತಾವ, ಕಮ್ಮಿ ಆದ್ರ ಒಣಗಿ ಸೀಳ್ತಾವ. ಕೋಡು ಎಳೆಯಾಕ, ಇಣಿ ಚಿವುಟಾಕ ಬೇಕಾದ ಮೂರು ಬೆರಳೇ ಮುಂದ ಪೆನ್ಸಿಲ್ ಹಿಡಿಯೋವು. ಕಿನ್ನಾಳದ ಗೊಂಬಿಯಷ್ಟು ಚಂದ ಆಗೋದು ಬ್ಯಾಡ, ಎತ್ತು ನಾಕು ಕಾಲಮ್ಯಾಲ ನಿಂತ್ರ ಸಾಕು.

ಅಕ್ಷರ ಸುರು ಮಾಡೋದು ರ ಗ ಸ ದ ಅ ದಿಂದ. ವಾರದಾಗ ಒಬ್ಬರರೆ ಪಾಲಕರು ಬಂದು ‘ನಮ್ಮ ಹುಡುಗಗ ಅ ಆ ಇ ಈ ಬರಂಗಿಲ್ಲಲ್ರೀ ಸರ್’ ಅಂತಾರ. ಹೆಗ್ಗಡದೇವನಕೋಟೆಯಾಗ 1995ರಾಗ ಹುಟ್ಟಿದ ಪದ್ಧತಿ ಅಂತ ಇತಿಹಾಸ ಹೇಳಬ್ಯಾಡ. ಅವರ ಎದುರಿಗೇ ಹುಡುಗನ ಕೈಲಿ ಸರ, ರಸ, ದರ, ಅರಸ, ಗರಗಸ ಓದಸು. ಐದೇ ಅಕ್ಷರದಾಗ ಇಷ್ಟು ಪದ ಆದವು, ಅ ಆ ಇ ಈ ನಾಕೂ ಕಲ್ತ್ರ ಏನು ಓದತೈತಿ ಕೂಸು?

ಇಲ್ಲೊಂದು ಮೋಸ ಐತಿ. ಹುಡುಗ್ರು ಕಾರ್ಡಿನ ಚಿತ್ರ ನೋಡಿ, ಮೂಲ್ಯಾಗ ಹತ್ತಿದ ಕಲಿ ನೋಡಿ ಅಕ್ಷರ ಹೇಳತಾವ. ಅದಕ್ಕ ಚಿತ್ರ ಮುಚ್ಚು, ಅದೇ ಅಕ್ಷರ ನೆಲದ ಮ್ಯಾಲ ಸುಣ್ಣಕಡ್ಡಿಲೆ ಬರಿ. ‘ಗರಗಸ’ ಬರೆದು ಕೊನಿಯಿಂದ ಬೆರಳು ಇಡು. ಅಲ್ಲೂ ತಡಿಯದೆ ಹೇಳಿದ್ರ ಯಾರು ಎಲ್ಲಿತನಕ ಕಲ್ತಾರ ಅಂತ ತೋರಿಸೋ ಪ್ರಗತಿ ನೋಟದಾಗ ಗುರುತು ಹಾಕು, ಅಲ್ಲಿತನಕ ಬ್ಯಾಡ. ಮುಂದಿನ ಮೆಟ್ಟಿಲದಾಗ ವ, ಮ ಕೂಡೇ ಬರತಾವ. ಒಂದು ಗಟ್ಟಿ ಆಗೋತನಕ ಇನ್ನೊಂದು ತೆಗೀಬ್ಯಾಡ.

ಹುಡುಗ್ರು ಗುಂಪಾಗಿ ಕುಂದ್ರೋ ತಟ್ಟಿ ಐದು ಇದ್ರೂ ನೀ ಕುಂದ್ರೋದು ‘ಶಿಕ್ಷಕರ ಸಂಪೂರ್ಣ ಸಹಾಯ’ದ ತಟ್ಟಿ ಹಂತೇಕ. ಉಳಿದವ್ರು ಕರದ್ರಂತ ಎದ್ದೆದ್ದು ಓಡಾಡಿದ್ರ ಕರಿಯೋರು ಇಬ್ಬರು ಇದ್ದಲ್ಲೆ ಹತ್ತು ಮಂದಿ ಆಗ್ತಾರ. ಮಳಿ ಬಿದ್ದ ಮ್ಯಾಲ ಗುಳೆಯಿಂದ ಬರೋ ಹುಡುಗ್ರನ್ನ ಓರಿಗೆಯವ್ರ ಮೆಟ್ಟಿಲಕ್ಕ ಏರಿಸಬ್ಯಾಡ, ಎಲ್ಲಿ ಬಿಟ್ಟಿದ್ರೋ ಅಲ್ಲಿಂದನ ಹತ್ತಲಿ. ವರ್ಷದ ಸುರುವಿಗೆ ಹಿಂದಿನ ಪಾಠ ಗಟ್ಟಿ ಮಾಡಿಸೋ ಸೇತುಬಂಧದಾಗ, ಮೊದಲು ಕೊಡೋ ನೈದಾನಿಕ ಪರೀಕ್ಷೆಯ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿಸಿ ಕೊನಿಗೆ ಕೊಡೋ ಸಾಫಲ್ಯ ಪರೀಕ್ಷೆಗೂ ಅವನ್ನೇ ಕೊಟ್ರ ಕಾಗದದ ಮ್ಯಾಲ ಸೇತುವಿ ಚೊಲೋ ಕಾಣತೈತಿ, ಅಷ್ಟ.

ಗಣಿತ ನಿನಗ ಹೇಳಬೇಕಿಲ್ಲ ಅಂದ್ಕೊಂಡಿದ್ದೆ. ಆದ್ರ ಎರಡನೇತ್ತದವ ಇಪ್ಪತ್ತೊಂದು ಅಂದ್ರ 201 ಬರೀತಾನ ನೋಡು. ಅವಗ ಇಪ್ಪತ್ತು ಕೇಳಿಸ್ತು, 20 ಬರದ. ಒಂದು ಕೇಳಿಸ್ತು, 1 ಬರದ. ಹತ್ತತ್ತು ಕಡ್ಡಿ ರಬ್ಬರ್ ಹಾಕಿ ಎರಡು ಕಟ್ಟು ಮಾಡು, ಬಿಡಿ ಒಂದು ಬಾಜೂಕ ಇಡು. ಆಮ್ಯಾಲ 20 ಅಂತ ಬರೆದ ಚೀಟಿಯ ಸೊನ್ನಿ ಮ್ಯಾಲ 1ರ ಸಣ್ಣ ಚೀಟಿ ಮುಚ್ಚಿ ತೋರಸು. ಕಟ್ಟು ಬಿಚ್ಚೋದು, ಕಟ್ಟೋದು ಅವನ ಕೈಲೇ ಆಗಲಿ.

ಇಲ್ಲಿಗೆ ಮುಗಸಬೇಕಿತ್ತು. ಆದ್ರ ಕೆಲವು ದಿನದಿಂದ ಒಂದು ಕೊರಿಯಾಕ ಹತ್ತೈತಿ. ಅಂಗಡಿಯಿಂದ ತಂದ ಪಟದಾಗ ‘ಈ’ ಅಂದ್ರ ಈರುಳ್ಳಿ. ನಮ್ಮ ಕೂಸು ನೋಡಿ ಉಳ್ಳಾಗಡ್ಡಿ ಅಂತೈತಿ, ಅಂದಮ್ಯಾಲ ಅದರ ಅಕ್ಷರ ‘ಉ’! ಏಣಿ ತೋರಿಸಿದ್ರ ನಿಚ್ಚಣಿಕಿ. ಕತ್ತೆ ತೋರಿಸಿದ್ರ ‘ಕತ್ತಿ’ ಅಂತ ಬರೀತೈತಿ, ಉಕ್ತಲೇಖನದಾಗ ಮನೆ ಅಂದ್ರ ‘ಮನಿ’. ‘ಮನ’ ಅಂತ ಬರದ್ರ ಅದು ತಪ್ಪು, ಕೊನಿ ಸ್ವರ ಕಿವಿಗೆ ಬಿದ್ದಿಲ್ಲ ಅಂತ ಅರ್ಥ. ‘ಮನಿ’ ಬರದವನ ಕಿವಿ ಸರಿ ಐತಿ, ಕೈಯೂ ಸರಿ ಐತಿ. ಅವ್ವ ಅಂದದ್ದನ್ನ ಒಂದು ಸ್ವರ ಬಿಡದಂಗ ಬರದಾನ. ಅಂಥ ಎಷ್ಟು ಕಿವಿಗೆ ಕೆಂಪು ಗೀಟು ಎಳದೀನೋ. ಅದೂ ಏನಂತೀ, ಉಕ್ತಲೇಖನ ಹೇಳುವಾಗ ‘ಮನಿ’ ಅಂದಾವ ನಾನ. ಸಾಹೇಬ್ರು ಬಂದ ದಿನ ಅಷ್ಟ ‘ಮನೆ’ ಅಂದಿದ್ದು. ಈಗ ಗೀಟು ಹಾಕಂಗಿಲ್ಲ. ಬಾಜೂಕ ‘ಮನೆ’ ಬರೆದು ಎರಡೂ ಓದಸ್ತೀನಿ: ಇದು ನಾವು ಅನ್ನೋದು, ಇದು ಪುಸ್ತಕ ಬರಿಯೋದು. ಹಳೇ ನೋಟಬುಕ್ಕಿಗೆ ಏನು ಮಾಡಲಿ, ಅದು ತಿಳೀವಲ್ದು.

ಸಾಕು ಬಿಡು, ಉಪದೇಶ ಮಾಡಾಕ ಬಂದು ಅಳು ಸುರು ಮಾಡಿದ್ನಂತ ನಾಳೆ ಎಲ್ಲಾರ ಮುಂದ ನಗತಿ. ಈ ಪತ್ರದ ತಪ್ಪಿಗೆ ಕೆಂಪು ಶಾಯಿ ಹಚ್ಚಾಕ ಹೋಗಬ್ಯಾಡ. ನಿನ್ನ ಹಂತೇಕ ಇರೋ ಕೆಂಪು ಪೆನ್ನು ನಂದು, ಹೋದ ವರ್ಷ ಒಯ್ದದ್ದು. ಮೊದಲು ಅದನ್ನ ವಾಪಸ್ ಕಳಸು.

ನಿನ್ನ,
ಛತ್ರಿ ಮಾಲಕ