ಇದೇ 17ಕ್ಕೆ ಮಕ್ಕಳನ್ನು ಕಲ್ಲಿನ ದಂಡೆಗೆ ಕಳಿಸಿ, ನೀವೂ ಬನ್ನಿ

ಎಂಟನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರ.

ಇದೇ ಜನವರಿ 17, ಶನಿವಾರ, ಬೆಳಗಿನ ತರಗತಿ ಮುಗಿದು ಊಟವಾದ ಮೇಲೆ ಎಂಟನೇ ತರಗತಿಯವರನ್ನು ಕುಮಟಾದ ಹೆಡ್ ಬಂದರ್ ಪಕ್ಕದ ಕಲ್ಲಿನ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೇವೆ. "ದಿನಾ ನೋಡೋ ಸಮುದ್ರಕ್ಕೆ ಮತ್ತೆ ಪ್ರವಾಸ ಯಾಕೆ ಅಕ್ಕೋರೇ?" ಎಂದು ಕಳೆದ ಸಭೆಯಲ್ಲಿ ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಅವತ್ತು ಕೊಡದ ಉತ್ತರ ಇಲ್ಲಿದೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಗದಗ ಕಡೆಯವಳು. ಸಮುದ್ರ ಮೊದಲ ಸಲ ನೋಡಿದ್ದೇ ಕೆಲಸಕ್ಕೆಂದು ಈ ಕಡೆ ಬಂದಾಗ. ದಂಡೆ ಎಂದರೆ ಮರಳು, ತೆರೆ, ಸಂಜೆಯ ಸೂರ್ಯ, ಒಂದು ಫೋಟೊ, ಅಷ್ಟೇ ನನಗೆ ಗೊತ್ತಿದ್ದದ್ದು. ಕಲ್ಲಿನ ಕಡೆ ಕಾಲು ಕೊಯ್ದೀತು ಎಂದು ಹೋಗುತ್ತಲೇ ಇರಲಿಲ್ಲ. ಎರಡು ವರ್ಷದ ಹಿಂದೆ ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನಾದರೂ ತನ್ನಿ ಎಂದೆ. ಮಕ್ಕಳು ಶುಕ್ರವಾರ ಎರಡು ನಕ್ಷತ್ರ ಮೀನು, ಒಂದಷ್ಟು ಜೀವಂತ ಶಂಖ ತಂದರು. ಉಪ್ಪಿನಕಾಯಿ ಭರಣಿಯಲ್ಲಿ ನೀರು ತುಂಬಿ ಇಟ್ಟೆವು. ಸೋಮವಾರ ಕೋಣೆಯ ಬಾಗಿಲು ತೆಗೆದವರು ಹಾಗೇ ಹಿಂದೆ ಸರಿದರು. ವಾಸನೆ ಹೋಗಲು ವಾರ ಬೇಕಾಯಿತು. ಆ ತಪ್ಪು ಮಕ್ಕಳದ್ದಲ್ಲ, ನನ್ನದು. "ಅವು ಅಲ್ಲಿದ್ರೇ ಚಂದ ಅಕ್ಕೋರೇ, ಇಲ್ಲಿ ತಂದು ಕೊಂದ್ರಿ" ಎಂದು ನಿಮ್ಮಲ್ಲೇ ಒಬ್ಬರು ನೇರವಾಗಿ ಹೇಳಿದರು. ಮುಂದಿನ ಅಮಾವಾಸ್ಯೆಗೆ ಅವರೇ ನಮ್ಮನ್ನು ಕರೆದುಕೊಂಡು ಹೋದರು. ನೀರು ಪೂರ್ತಿ ಇಳಿದಾಗ ಕಲ್ಲಿನ ಮೇಲೆ ನಡೆದದ್ದು ನನಗೆ ಅದೇ ಮೊದಲು.

ಅವತ್ತು ನೋಡಿದ್ದರಲ್ಲಿ ಒಂದನ್ನು ಹೇಳುತ್ತೇನೆ. ಕಲ್ಲಿನ ಸಂದಿಯಲ್ಲಿ ರೊಟ್ಟಿ ಹಂಚಿನಷ್ಟಗಲದ ಒಂದು ಗುಂಡಿ. ಗೇಣುದ್ದ ಆಳ ಇದ್ದರೆ ಹೆಚ್ಚು. ಅದರಲ್ಲಿ ಸನ್ಯಾಸಿ ಏಡಿಗಳು, ಅಂದರೆ ಖಾಲಿ ಶಂಖದೊಳಗೆ ಬಾಡಿಗೆಗೆ ಇರುವ ಏಡಿಗಳು. ಅವುಗಳಲ್ಲಿ ಒಂದು, ಪಕ್ಕದಲ್ಲಿ ಬಿದ್ದಿದ್ದ ದೊಡ್ಡ ಖಾಲಿ ಶಂಖದ ಹತ್ತಿರ ಬಂತು. ಕೊಂಡಿ ಒಳಗೆ ಹಾಕಿ ನೋಡಿತು. ಸುತ್ತ ಒಂದು ಸಲ ಹೋಗಿ ಬಂತು. ಮತ್ತೆ ಕೊಂಡಿ ಹಾಕಿತು. ಮನೆ ನೋಡಲು ಬಂದವರು ಬಚ್ಚಲುಮನೆಗೂ ಇಣುಕುತ್ತಾರಲ್ಲ, ಹಾಗೆ. ಆಮೇಲೆ ಕಣ್ಣು ಮಿಟುಕಿಸುವುದರೊಳಗೆ ಹಳೆಯದರಿಂದ ಹೊರಬಿದ್ದು ಹೊಸದರೊಳಗೆ ಸೇರಿಕೊಂಡಿತು. ಸುರುಳಿ ಸುತ್ತಿದ ಅದರ ಮೆತ್ತನೆಯ ಹಿಂಭಾಗ ಒಂದೇ ಕ್ಷಣ ಕಂಡಿದ್ದು. ಅಷ್ಟರಲ್ಲಿ ಇನ್ನೊಂದು ಸಣ್ಣ ಏಡಿ ಓಡಿ ಬಂದು, ಬಿಟ್ಟು ಹೋದ ಶಂಖವನ್ನು ಹಿಡಿಯಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿ "ಅಣ್ಣನ ಅಂಗಿ ತಮ್ಮಂಗೆ" ಎಂದಳು. ಆ ಪಾಠವನ್ನು ನಾನು ಅದಕ್ಕಿಂತ ಚೆನ್ನಾಗಿ ಮಾಡಲಾರೆ. ದಂಡೆಯ ಖಾಲಿ ಶಂಖವನ್ನೂ ಮನೆಗೆ ತರಬೇಡಿ ಎಂದು ಮಕ್ಕಳಿಗೆ ಈಗ ಹೇಳುವುದು ಅದಕ್ಕೇ. ಅಲ್ಲಿ ಮನೆಗಾಗಿ ಕಾಯುವವರಿದ್ದಾರೆ.

ನೀರು ಇಳಿದಾಗ ಕಲ್ಲನ್ನು ಸ್ವಲ್ಪ ದೂರದಿಂದ ನೋಡಿದರೆ ಅಂತಸ್ತು ಅಂತಸ್ತಾಗಿ ಕಾಣುತ್ತದೆ. ಮೇಲೆ, ಸಿಡಿದ ಹನಿ ಮಾತ್ರ ತಲುಪುವಲ್ಲಿ, ಕಾಳಿನಷ್ಟು ಸಣ್ಣ ಬಸವನಹುಳು. ನಡುವೆ ಕಾಲು ಕೊಯ್ಯುವ ಚೂಪು ಬಿಳಿ ಚಿಪ್ಪುಗಳು, ಪುಸ್ತಕದಲ್ಲಿ ಬಾರ್ನಕಲ್ ಎಂದಿದೆ. ನೋಡಲು ಕಲ್ಲಿನ ಥರವೇ, ಆದರೆ ಏಡಿ ಸಿಗಡಿಗಳ ಬಳಗ. ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡು, ನೀರು ಬಂದಾಗ ಕಾಲು ಬೀಸಿ ಬೀಸಿ ಆಹಾರ ಹಿಡಿಯುತ್ತದೆ. ಅದಕ್ಕೂ ಕೆಳಗೆ ನೀಲಿಕಲ್ಲು ಎಂಬ ಚಿಪ್ಪಿ, ಪಾಚಿ, ಮುಟ್ಟಿದರೆ ಮುದುಡುವ ಕಡಲ ಹೂ. ಹೂ ಎಂದು ಹೆಸರು, ಅದೂ ಪ್ರಾಣಿಯೇ. ಇಷ್ಟೂ ನೋಡಲು ಸಿಗುವುದು ಎರಡು ಗಂಟೆ, ಜಾಸ್ತಿ ಎಂದರೆ ಮೂರು. ಭರತ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಹುಣ್ಣಿಮೆಗೆ ಜೋರು. ಪಠ್ಯಪುಸ್ತಕದಲ್ಲಿ ಚಿತ್ರ ಹಾಕಿ ಇದನ್ನೇ ವಿವರಿಸುತ್ತಾರೆ. ದೋಣಿಗೆ ಹೋಗುವ ಅಪ್ಪಂದಿರು ಬೆರಳೆಣಿಸಿ ಹೇಳುತ್ತಾರೆ. 17ನೇ ತಾರೀಕು ಅಮಾವಾಸ್ಯೆಯ ಹಿಂದಿನ ದಿನ. ಅದಕ್ಕೇ ಆ ಶನಿವಾರವನ್ನು ಆರಿಸಿದ್ದು.

ಕಲ್ಲಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಗುಡ್ಡದ ಮೇಲೆ ನಾವು ಮನೆ ಕಟ್ಟುವ ಕೆಂಪು ಚಿರೆಕಲ್ಲು. ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಹಳೆಯ ಕಲ್ಲೇ ಕೊಳೆತು, ಉಳಿದದ್ದು ಬಹುಪಾಲು ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಅಂಶ ಗಟ್ಟಿಯಾಗಿ ಆದದ್ದು ಅದು. ಅದರ ಕೆಳಗೆ ಇರುವುದು ಬಹಳ ಹಳೆಯ ಕಲ್ಲು. ಗಟ್ಟಿ ಇದ್ದಲ್ಲಿ ಗುಡ್ಡ ಮೂಗಿನ ಹಾಗೆ ಕಡಲಿಗೆ ಚಾಚಿದೆ, ಮೆತ್ತಗಿದ್ದಲ್ಲಿ ಕಡಲು ಒಳಗೆ ನುಗ್ಗಿ ಮರಳು ತುಂಬಿಸಿದೆ. ಇಲ್ಲಿಂದ ಗೋಕರ್ಣದ ಓಂ ಬೀಚ್, ಕುಡ್ಲೆಯವರೆಗೂ ದಂಡೆ ಅಂಕುಡೊಂಕಾಗಿರುವುದು ಹೀಗೆ. ಭೂಗರ್ಭ ಶಾಸ್ತ್ರದವರು ಇಲ್ಲಿನ ಒಂದು ಪಟ್ಟಿಗೆ ನಮ್ಮೂರಿನ ಹೆಸರನ್ನೇ ಇಟ್ಟು 'ಕುಮಟಾ ಸೂಚರ್' ಎನ್ನುತ್ತಾರೆ. ಸೂಚರ್ ಎಂದರೆ ಹೊಲಿಗೆ. ಸುಮಾರು 130 ಕೋಟಿ ವರ್ಷದ ಹಿಂದೆ ನೆಲದ ಎರಡು ತುಂಡು ಇಲ್ಲಿ ಕೂಡಿಕೊಂಡವು ಎಂಬುದು ಅವರ ಲೆಕ್ಕ. ಇದೇ ಹೊಲಿಗೆಯ ಮುಂದಿನ ಭಾಗ ಮಡಗಾಸ್ಕರ್ ದ್ವೀಪದಲ್ಲಿದೆಯಂತೆ. ಸುಮಾರು 9 ಕೋಟಿ ವರ್ಷದ ಹಿಂದೆ ಆ ದ್ವೀಪ ನಮ್ಮಿಂದ ಬೇರೆಯಾಯಿತು. ಆಗ ಉಕ್ಕಿದ ಲಾವಾದ ಕಂಬಗಳನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನೀವು ನೋಡಿರಬಹುದು. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗ "ಹಾಗಾದ್ರೆ ನಾವು ಹರಿದ ಬಟ್ಟೆಯ ಅಂಚಲ್ಲಿ ಇದ್ದೇವಾ?" ಎಂದು ಕೇಳಿದ. ಹೌದು ಎಂದೆ.

ಇನ್ನು ನಾನು ನಿಜಕ್ಕೂ ಹೇಳಬೇಕಾದ ಮಾತು. ದಾಖಲಾತಿ ಅರ್ಜಿಗಳನ್ನು ಮೊನ್ನೆ ತಿರುವಿ ನೋಡುತ್ತಿದ್ದೆ. 'ತಾಯಿಯ ಉದ್ಯೋಗ' ಎಂಬ ಕಡೆ ಸುಮಾರು ಎಲ್ಲರೂ ಗೃಹಿಣಿ ಎಂದೇ ಬರೆದಿದ್ದೀರಿ. ಆದರೆ ಬೆಳಗ್ಗೆ ನೀರು ಇಳಿಯುವ ಹೊತ್ತಿಗೆ ಅಘನಾಶಿನಿ ಅಳಿವೆಯಲ್ಲಿ ಮೊಣಕಾಲು ನೀರಲ್ಲಿ ನಿಂತು ಬಳಚು ಎಂಬ ಚಿಪ್ಪಿ ಆಯುವವರಲ್ಲಿ ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಮ್ಮ, ಅಜ್ಜಿ ಇದ್ದಾರೆ. ನಾನೇ ನೋಡಿದ್ದೇನೆ. ಒಬ್ಬ ಹುಡುಗಿಯನ್ನು ಕೇಳಿದೆ, ಅಮ್ಮ ಬಳಚಿಗೆ ಹೋಗುತ್ತಾರಲ್ಲ, ಅದನ್ನು ಯಾಕೆ ಬರೆಯಲಿಲ್ಲ ಎಂದು. "ಅದು ಕೆಲಸ ಅಲ್ಲ ಅಕ್ಕೋರೇ" ಎಂದಳು. ನನಗೆ ಬೇಜಾರಾಯಿತು.

ಅಘನಾಶಿನಿ ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟು ಕಾಣದೆ ತದಡಿಯ ಹತ್ತಿರ ಕಡಲಿಗೆ ಸೇರುವ ನದಿ. ಸಿಹಿನೀರು ತಡೆಯಿಲ್ಲದೆ ಬರುವುದರಿಂದಲೇ ಅಳಿವೆಯಲ್ಲಿ ಚಿಪ್ಪಿ, ಸಿಗಡಿ, ಏಡಿ ಇಷ್ಟೊಂದು. ಅಳಿವೆಯಂಚಿನ ಗಜನಿ ಗದ್ದೆಯಲ್ಲಿ ಉಪ್ಪುನೀರಿಗೆ ಹೆದರದ ಕಗ್ಗ ಭತ್ತ ಬೆಳೆಯುವುದೂ ಇಲ್ಲೇ. ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು 2024ರ ಜನವರಿ 31ರಂದು ಪ್ರಕಟವಾಯಿತು. ಅಂದರೆ ಇದು ಇಡೀ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಎಂದು ಒಪ್ಪಿಕೊಂಡ ಹಾಗೆ. ಅದೇ ದಿನ ಹೆಸರು ಪ್ರಕಟವಾದ ಇನ್ನೊಂದು ಜಾಗ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುವ ಕೆರೆ. ಅವತ್ತು ನನಗೆ ತವರುಮನೆ, ಗಂಡನ ಮನೆ ಎರಡಕ್ಕೂ ಒಟ್ಟಿಗೆ ಬಹುಮಾನ ಬಂದ ಹಾಗಾಗಿತ್ತು. ಇಂಥ ಅಳಿವೆಯ ಕೆಸರಲ್ಲಿ ಯಾವ ಜಾಗದಲ್ಲಿ ಯಾವ ಚಿಪ್ಪಿ ಇರುತ್ತದೆ, ಎಷ್ಟು ದೊಡ್ಡದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಿರುವವರು ಬಿ.ಎಡ್. ಮಾಡಿದ ನಾವಲ್ಲ, ನೀವು.

ಹಾಗಾಗಿ ಬಳಚು ಆಯುವ ಅಮ್ಮಂದಿರು, ಬಲೆ ಬೀಸುವ ಅಪ್ಪಂದಿರು, ಅಜ್ಜ ಅಜ್ಜಿಯರು ಯಾರಾದರೂ ನಾಲ್ಕೈದು ಜನ ಅವತ್ತು ನಮ್ಮ ಜೊತೆ ಬರಬೇಕು. ಭಾಷಣ ಬೇಡ. ಕಲ್ಲಿನ ಮೇಲೆ ನಡೆಯುತ್ತಾ ಹೆಸರು ಹೇಳಿದರೆ ಸಾಕು. ನೀವು ಹೇಳುವ ಹೆಸರನ್ನು ಮಕ್ಕಳು ಬರೆದುಕೊಳ್ಳುತ್ತಾರೆ. ಪುಸ್ತಕದ ಹೆಸರನ್ನು ನಾವು ಪಕ್ಕದಲ್ಲಿ ಸೇರಿಸುತ್ತೇವೆ.

ಮೇಲೆ ನೋಡುವುದಕ್ಕೂ ಕೆಲಸ ಕೊಟ್ಟಿದ್ದೇವೆ. ಬಿಳಿ ಹೊಟ್ಟೆಯ ಕಡಲ ಹದ್ದು ಎತ್ತರದ ಮರದಲ್ಲಿ ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸುತ್ತಾ ಇರುತ್ತದೆ. ಕಡಲ ಹಾವನ್ನೂ ಹಿಡಿದು ತಿನ್ನುವ ಗಟ್ಟಿ ಹಕ್ಕಿ. ಚಳಿಗಾಲದ ಅತಿಥಿಗಳಾದ ಕಂದುತಲೆಯ ಗಲ್ ಹಕ್ಕಿಗಳು ಈಗ ಬಂದಿವೆ. ಅವು ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಅದೃಷ್ಟ ಇದ್ದರೆ ಗುಡ್ಡದಿಂದ ಡಾಲ್ಫಿನ್ ಬೆನ್ನು ಕಾಣುತ್ತದೆ. ನಮ್ಮಲ್ಲಿ ದಡದ ಹತ್ತಿರ ಬರುವುದು ಗೂನು ಬೆನ್ನಿನ ಜಾತಿ. ನೀರುನಾಯಿ ಸಿಗುವುದು ಅನುಮಾನ, ಅದರ ಹೆಜ್ಜೆ ಸಿಕ್ಕಿದರೂ ಹಬ್ಬ.

ಈಗ ಕಡಲಾಮೆ ಮೊಟ್ಟೆ ಇಡುವ ಕಾಲವೂ ಹೌದು. ಮರಳಲ್ಲಿ ಟ್ರ್ಯಾಕ್ಟರ್ ಚಕ್ರದಂಥ ಗುರುತು ಕಂಡರೆ ಅಗೆಯಬೇಡಿ, ಅರಣ್ಯ ಇಲಾಖೆಯವರಿಗೆ ಹೇಳಿ. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ, ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ದಂಡೆ ಮನೆಯವರು ರಾತ್ರಿ ಕಡಲ ಕಡೆಯ ದೀಪ ಆರಿಸಿದರೆ ಉಪಕಾರ. ಮರಿಗಳು ಬೆಳಕು ಕಂಡ ಕಡೆಗೇ ಹೋಗುತ್ತವೆ.

ನಿಮ್ಮ ಭಯ ನನಗೆ ಗೊತ್ತು. 2024ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಒಬ್ಬ ಮಗುವೂ ಕಡಲಿಗೆ ಇಳಿಯುವುದಿಲ್ಲ. ಪಾದ ತೊಳೆಯಲೂ ಇಲ್ಲ. 38 ಮಕ್ಕಳು, ನಾವು ಐವರು ಶಿಕ್ಷಕರು, ಜೊತೆಗೆ ನೀವು ಬರುವವರು. ಎಂಟು ಮಕ್ಕಳಿಗೆ ಒಬ್ಬರಂತೆ ಗುಂಪು. ಈಜು ಬರುವ ಮಕ್ಕಳಿಗೂ ಇದೇ ನಿಯಮ. ನಾನು ಈಜಬಲ್ಲೆ ಎಂಬ ಧೈರ್ಯದವರ ಮೇಲೆಯೇ ನನಗೆ ಜಾಸ್ತಿ ಕಣ್ಣು. ನೀರು ಇಳಿಯುತ್ತಿರುವಾಗ ಹೋಗಿ, ತಿರುಗುವ ಮೊದಲೇ ಮರಳಿಗೆ ಬಂದಿರುತ್ತೇವೆ. ಮೂರು ಗಂಟೆಗೆ ಹೊರಟು ಐದೂವರೆಗೆ ಶಾಲೆಯಲ್ಲಿರುತ್ತೇವೆ. ತೆರೆ ದೊಡ್ಡದಿದ್ದರೆ ಪ್ರವಾಸವೇ ಇಲ್ಲ, ತರಗತಿಯಲ್ಲಿ ಕೂರಿಸುತ್ತೇನೆ, ಮಕ್ಕಳು ಬೈದುಕೊಳ್ಳಲಿ.

ಕಲ್ಲಿನಡಿ ಕೈ ಹಾಕಬಾರದು, ಕೋನ್ ಆಕಾರದ ಚಂದದ ಚಿಪ್ಪನ್ನು ಮುಟ್ಟಲೇಬಾರದು. ಕೆಲವು ಜಾತಿ ವಿಷ ಚುಚ್ಚುತ್ತವೆ. ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಬೇಕು, ಅಡಿಯಲ್ಲಿದ್ದವು ಬಿಸಿಲಿಗೆ ಸಾಯುತ್ತವೆ. ಏನನ್ನೂ ಮನೆಗೆ ತರುವಂತಿಲ್ಲ. ಕೆಲವು ಶಂಖ, ಹವಳ, ಕಡಲ ಸೌತೆ ಎಂಬ ಪ್ರಾಣಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಹಳೆಯ ಚಪ್ಪಲಿ ಸಾಕು, ಆದರೆ ಹಿಂಬದಿ ಪಟ್ಟಿ ಇರಲಿ. ಹವಾಯಿ ಬೇಡ, ಪಾಚಿಯಲ್ಲಿ ಜಾರುತ್ತದೆ. ಟೊಪ್ಪಿ, ನೀರಿನ ಬಾಟಲಿ, ಒಂದು ಪೆನ್ಸಿಲ್. ಪೆನ್ನು ಒದ್ದೆಯಾದರೆ ಬರೆಯುವುದಿಲ್ಲ. ಹೆಣ್ಣುಮಕ್ಕಳನ್ನು "ಬಿಸಿಲಿಗೆ ಕಪ್ಪಾಗ್ತಾಳೆ" ಎಂದು ತಡೆಯಬೇಡಿ, ಕಳೆದ ಸಲ ಮೂವರು ಹಾಗೇ ತಪ್ಪಿಸಿಕೊಂಡರು. ಅವತ್ತು ಬಂದವರಲ್ಲಿ ಯಾರಿಗೂ ಗೊತ್ತಾಗದ ಒಂದು ಸಣ್ಣ ಏಡಿಯ ಹೆಸರು, ಬಾರದೆ ಉಳಿದ ಆ ಮೂವರಲ್ಲೊಬ್ಬಳಿಗೆ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಒಪ್ಪಿಗೆ ಚೀಟಿಗೆ ಸಹಿ ಹಾಕಿ 14ನೇ ತಾರೀಕಿನ ಒಳಗೆ ಕಳಿಸಿ. ನೀವೂ ಬರುವುದಾದರೆ ಚೀಟಿಯ ಕೆಳಗೆ ಹೆಸರು ಬರೆಯಿರಿ. ಅದರ ಪಕ್ಕದಲ್ಲಿ ಉದ್ಯೋಗ ಎಂದು ಒಂದು ಖಾಲಿ ಜಾಗ ಬಿಟ್ಟಿದ್ದೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ