ಮಸ್ಕತ್ತಿನ ಗೆಳೆಯನಿಗೊಂದು ಪತ್ರ

ಮಾರಾಯ,

ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಫೋಟೊ ಕಳಿಸುತ್ತೀಯ, ಅದರಲ್ಲಿ ಬಿಸಿಲಿಗಿಂತ ನಿನ್ನ ಹೊಟ್ಟೆಯೇ ಹೆಚ್ಚು ಕಾಣುತ್ತದೆ.

ಮಗಳನ್ನು ಈಜಿಗೆ ಸೇರಿಸಿದ್ದೇನೆ. ಅವಳು ನೀರಿನಲ್ಲಿ, ನಾನು ಹತ್ತಡಿ ದೂರದಲ್ಲಿ ಟವೆಲ್ ಹಿಡಿದು. ಮರಳುಗಾಡಿನಲ್ಲಿ ಬೆಳೆದವನಿಗೆ ನೀರಿನ ಭಯವೆಂದರೆ ಜನ ನಗುತ್ತಾರೆ. ಆದರೆ ನಮಗೆ ಬಂದ ಗಂಡಾಂತರಗಳೆಲ್ಲ ನೀರಿನವೇ ಅಲ್ಲವೇ? 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ಬೀದಿಯೆಲ್ಲ ನೀರು, ನಲ್ಲಿಯಲ್ಲಿ ಮಾತ್ರ ಹನಿಯಿಲ್ಲ. ನೀಲಿ ಟ್ಯಾಂಕರಿನ ಹಿಂದೆ ನೀನು ಸಾಂಬಾರಿನ ಪಾತ್ರೆ ಹಿಡಿದು ಓಡಿದ್ದು, ಆಮೇಲೆ ಆದದ್ದು... ಬೇಡ, ನಿನ್ನ ಅತ್ತೆಯವರೂ ಇದನ್ನು ಓದುತ್ತಾರೆ.

ಮೊನ್ನೆ ಮಗಳು ಕೇಳಿದಳು, "ಅಪ್ಪಾ, ಮಸ್ಕತ್ ಮಾಮ ಮುಳುಗುತ್ತಿದ್ದಾಗ ನೀನೇ ಎಳೆದು ಕಾಪಾಡಿದೆಯಂತೆ?" ಹೂಂ ಎಂದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ವಾದಿ ಬನಿ ಖಾಲಿದ್, ಆ ಕಣಿವೆಯ ಕೊಳ. ಗೋನುವಿನ ಹಿಂದಿನ ಚಳಿಗಾಲ, ಶುಕ್ರವಾರದ ರಜೆ. ಹಿರಿಯರು ಖರ್ಜೂರದ ಮರದ ನೆರಳಿನಲ್ಲಿ ಪುಳಿಯೋಗರೆಯ ಡಬ್ಬಿ ಬಿಚ್ಚುತ್ತಿದ್ದರು, ನಾವಿಬ್ಬರು ಬಂಡೆಯ ಆಚೆ. ಪಾಚಿಯ ಮೇಲೆ ನೀನು ಜಾರಿದೆ. ಆ ಗಡಿಬಿಡಿಯಲ್ಲಿ ದಡದಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯೂ ನೀರಿಗೆ ಬಿತ್ತು. ಹಿಂದಿನ ದಿನವಷ್ಟೇ ರೂವಿಯಲ್ಲಿ ಕೊಂಡದ್ದು, "ಇದನ್ನೂ ಕಳೆದುಕೊಂಡು ಬಾ, ನೋಡುತ್ತೇನೆ" ಎಂದು ಅಪ್ಪ ಹೇಳಿಯೇ ಕೊಡಿಸಿದ್ದು. ನಿನ್ನ ತಲೆ ಒಮ್ಮೆ ಮೇಲೆ ಬಂದು ಮತ್ತೆ ಒಳಗೆ ಹೋದದ್ದನ್ನು ನೋಡಿದೆ. ನೋಡಿಯೇ, ಸೊಂಟದ ಮಟ್ಟದ ನೀರಿಗೆ ಇಳಿದು ಚಪ್ಪಲಿಯ ಕಡೆಗೆ ಹೋದೆ.

ನಿನ್ನನ್ನು ಎತ್ತಿದವರು ದಿಶ್ದಾಶಾ ನಿಲುವಂಗಿ ತೊಟ್ಟ ಒಬ್ಬ ಅಜ್ಜ. ಬಟ್ಟೆಸಮೇತ ಇಳಿದು, ಬೆಕ್ಕಿನ ಮರಿಯನ್ನು ಎತ್ತುವಂತೆ ಕಾಲರ್ ಹಿಡಿದು ಎತ್ತಿದರು. ನಾನು ನಿನ್ನ ಕೈ ಹಿಡಿದದ್ದು ಆಮೇಲೆ, ದಡದಲ್ಲಿ. ಓಡಿಬಂದ ಹಿರಿಯರಿಗೆ ಕಂಡದ್ದು ತೊಯ್ದು ತೊಪ್ಪೆಯಾದ ನಾನು, ನನ್ನ ಕೈಯಲ್ಲಿ ನಿನ್ನ ಕೈ. ಅಜ್ಜ ನನ್ನತ್ತ ಬೆರಳು ತೋರಿಸಿ "ನಆಲ್, ನಆಲ್" ಎಂದರು. ಅಷ್ಟು ವರ್ಷ ಅಲ್ಲಿದ್ದರೂ ನಿನ್ನ ಅಪ್ಪನಿಗೆ ಅರಬ್ಬಿ ಅಷ್ಟಕ್ಕಷ್ಟೇ. ಏನಂತೆ ಎಂದು ನನ್ನನ್ನು ಕೇಳಿದರು. "ಧೈರ್ಯವಂತ ಹುಡುಗ ಎನ್ನುತ್ತಿದ್ದಾರೆ ಅಂಕಲ್" ಎಂದೆ.

ನಆಲ್ ಎಂದರೆ ಚಪ್ಪಲಿ ಎಂದು ನಿನಗೆ ಗೊತ್ತು. ಆಗ ನೀನು ನೀರು ಕಕ್ಕುತ್ತಿದ್ದೆ, ಕೇಳಿಸಿರಲಾರದು. ಅಥವಾ ಕೇಳಿಸಿತ್ತೇ? ನಿನ್ನ ಮದುವೆಯಲ್ಲಿ ಮೈಕು ಹಿಡಿದು "ಇವನಿಲ್ಲದಿದ್ದರೆ ನಾನಿಲ್ಲ" ಎಂದಾಗ ನಾನು ತಲೆ ತಗ್ಗಿಸಿದೆ. ಛತ್ರದವರೆಲ್ಲ ಅದನ್ನು ವಿನಯ ಎಂದುಕೊಂಡರು.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಮಗಳ ಈಜಿನ ಫೋಟೊ ಹಾಕಿ ನಾಲ್ಕು ಸಾಲು ತಮಾಷೆ ಗೀಚೋಣವೆಂದು ಕುಳಿತವನು ನಾನು. ನಿನ್ನ ಸಮಾಧಾನಕ್ಕೆ ಇಷ್ಟು ಹೇಳುತ್ತೇನೆ: ಸಿಕ್ಕಿದ್ದು ಎಡಗಾಲಿನದು ಒಂದೇ, ಅಪ್ಪ ಅದರಲ್ಲೇ ಬಾರಿಸಿದರು. ಆ ದಿನ ಛತ್ರದಲ್ಲಿ ನೀನು ಕೈಗೆ ಕಟ್ಟಿದ ವಾಚನ್ನು ವಾಪಸು ಕೇಳುವುದಾದರೆ ಕೊಡುತ್ತೇನೆ. ಹೋದ ವಾರ ಬಕೆಟ್ಟಿಗೆ ಬಿದ್ದು ನಿಂತುಹೋಗಿದೆ, ಅಷ್ಟೆ.

ಇಂತಿ,
ಸಾಂಬಾರಿನ ಪಾತ್ರೆಯ ಏಕೈಕ ಸಾಕ್ಷಿ