ಹಸಿರು ಬೋರ್ಡಿನ ಹಿಂದೆ ಬೇಯುವವರು ನಾವು

ಮಾನ್ಯ ಸಂಪಾದಕರೇ,

ನಮ್ಮ ರಾಯಚೂರಿನ ಲಿಂಗಸುಗೂರು ರಸ್ತೆಯ, ಕರೆಂಟ್ ಮತ್ತು ನೀರು ಉಳಿಸುತ್ತದೆ ಎನ್ನುವ ಹೊಸ ‘ಹಸಿರು ಕಟ್ಟಡ’ದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಫೋಟೊ ಚೆನ್ನಾಗಿತ್ತು. ಒಳಗೆ ಕೂರುವವರನ್ನೂ ಒಂದು ಮಾತು ಕೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನದೊಂದು ಸಣ್ಣ ಬಾಡಿಗೆ ಆಫೀಸಿದೆ. ಗಂಜ್‌ನ ಹತ್ತಿ, ಭತ್ತದ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡುವುದು ನನ್ನ ಕೆಲಸ.

ನಿನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ರಾಯಚೂರಿಗೆ ಅದೇನು ಹೊಸದಲ್ಲ. ಬೇರೆ ಕಡೆಯಾದರೆ ಕಿಟಕಿ ತೆಗೆದು ಕೂರಬಹುದು. ಇಲ್ಲಿ ಕಿಟಕಿ ತೆಗೆಯುವ ಹಾಗೇ ಇಲ್ಲ. ಪಡುವಣ ದಿಕ್ಕಿಗೆ ನೆಲದಿಂದ ಮಾಳಿಗೆವರೆಗೆ ಗಾಜು. ಬಿಸಿಲು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಜನರೇಟರ್ ಇದೆ, ಆದರೆ ಅದು ಲಿಫ್ಟಿಗೆ ಮತ್ತು ಕೆಳಗಿನ ಶೋರೂಮಿಗೆ ಮಾತ್ರವಂತೆ. ನಿನ್ನೆ ಲಿಫ್ಟಿಗೂ ಸಿಗಲಿಲ್ಲ. ಶೋರೂಮಿನ ದೀಪ ಮಾತ್ರ ಝಗಝಗ ಉರಿಯುತ್ತಿತ್ತು. ಮಾನ್ವಿಯಿಂದ ಬಂದಿದ್ದ ಹಿರಿಯ ವ್ಯಾಪಾರಿಯೊಬ್ಬರು ಮೊಣಕಾಲು ಹಿಡಿದುಕೊಂಡೇ ಮೂರು ಮಹಡಿ ಹತ್ತಿದರು. ಬೆವರು ಒರೆಸಿಕೊಳ್ಳುತ್ತಾ, “ಹಳೇ ಆಫೀಸೇ ಛಲೋ ಇತ್ತಲ್ರೀ ಸಾಹೇಬ್ರ” ಅಂದರು. ಮುಖ ತೊಳೆದುಕೊಳ್ಳಲು ಕಳಿಸಿದರೆ ಹಾಗೇ ವಾಪಸ್ ಬಂದರು. ನಲ್ಲಿಗೆ ಸೆನ್ಸರ್. ಮೇಲೆ ಟ್ಯಾಂಕ್ ತುಂಬಾ ನೀರಿದ್ದರೂ ಕರೆಂಟ್ ಬರುವ ತನಕ ನಲ್ಲಿ ಬಿಡುವುದಿಲ್ಲ. ಇದಕ್ಕೆ ನೀರಿನ ಉಳಿತಾಯ ಅಂತ ಹೆಸರು. ಉಳಿತಾಯ ಆಯಿತು, ಸುಳ್ಳಲ್ಲ.

ಕರೆಂಟ್ ಇದ್ದಾಗ ಸುಖವಾಗಿದ್ದೇವೆ ಅಂದುಕೊಳ್ಳಬೇಡಿ. ಕೋಣೆಯಲ್ಲಿ ಯಾರೂ ಅಲ್ಲಾಡದಿದ್ದರೆ ದೀಪ ತಾನಾಗಿ ಆರುತ್ತದೆ. ಲೆಕ್ಕ ಬರೆಯುವವನು ಅಲ್ಲಾಡುವುದು ಯಾವಾಗ? ರಿಟರ್ನ್ ಹಾಕುವ 20ನೇ ತಾರೀಕು ಹತ್ತಿರ ಬಂತೆಂದರೆ ನಾನೂ ನನ್ನ ಸಹಾಯಕನೂ ಪಾಳಿ ಹಾಕಿಕೊಂಡು ಕೈ ಬೀಸುತ್ತೇವೆ. ಗಾಜಿನಾಚೆಯ ಆಫೀಸಿನವರು ನಾವು ಚಹಾಕ್ಕೆ ಕರೆಯುತ್ತಿದ್ದೇವೆ ಎಂದು ಎದ್ದು ಬರುತ್ತಾರೆ. ಎಸಿ 24 ಡಿಗ್ರಿಗೆ ಬೀಗ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುವುದು ನನಗೂ ಗೊತ್ತು. ಒಪ್ಪುತ್ತೇನೆ. ಆದರೆ ಹೊರಗೆ 42 ಇರುವಾಗ ಗಾಜಿನ ಗೋಡೆಯ ಪಕ್ಕ ಕೂತವನಿಗೆ ಆ 24 ರಿಮೋಟಿನಲ್ಲಿ ಮಾತ್ರ ಕಾಣುತ್ತದೆ.

ಇಷ್ಟಕ್ಕೆಲ್ಲ ತಿಂಗಳಿಗೆ ‘ಗ್ರೀನ್ ಮೇಂಟೆನೆನ್ಸ್’ ಎಂದು ಬೇರೆ ದುಡ್ಡು. ಯಾವುದಕ್ಕೆ ಎಂದು ಕೇಳಿದರೆ ಮ್ಯಾನೇಜರ್ ಮಳೆನೀರು ಕೊಯ್ಲಿನ ಪೈಪ್ ತೋರಿಸಿದರು. ಪೈಪ್ ಹಿಡಿದುಕೊಂಡೇ ಇಳಿದು ನೋಡಿದೆ. ಸೀದಾ ಚರಂಡಿಗೆ ಹೋಗಿದೆ. ಇಲ್ಲಿದ್ದ ದೊಡ್ಡ ಬೇವಿನ ಮರವನ್ನು ಪಾರ್ಕಿಂಗ್‌ಗೆಂದು ಕಡಿದರು. ಈಗ ಲಾಬಿಯಲ್ಲಿ ಪ್ಲಾಸ್ಟಿಕ್ ಗಿಡ ಇಟ್ಟಿದ್ದಾರೆ. ಅದಕ್ಕೆ ನೀರು ಹಾಕುವ ಖರ್ಚಿಲ್ಲ ನೋಡಿ.

ಹಸಿರು ಕಟ್ಟಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೈದರಾಬಾದಿನಲ್ಲಿ ಉದ್ಯಮಗಳ ಒಕ್ಕೂಟವಾದ ಸಿಐಐ ಕಟ್ಟಿಸಿದ ಹಸಿರು ಕೇಂದ್ರವನ್ನು ಅಬ್ದುಲ್ ಕಲಾಂ 2004ರಲ್ಲೇ ಉದ್ಘಾಟಿಸಿದರು. ಅಲ್ಲಿ ನಡುವೆ ಅಂಗಳವಿದೆ. ಗಾಳಿ ತಂಪಾಗಿ ಒಳಗೆ ಬರಲು ಗೋಪುರಗಳಿವೆ. ಮಾಳಿಗೆ ಮೇಲೆ ಹುಲ್ಲಿದೆ. ಇಲ್ಲಿಂದ ರೈಲು ಹತ್ತಿದರೆ ನೋಡಿಕೊಂಡು ಬರಬಹುದು. ನಮ್ಮ ಬಿಲ್ಡರ್‌ಗಳು ಅದನ್ನು ನೋಡುವುದಿಲ್ಲ, ಬೆಂಗಳೂರಿನ ಐಟಿ ಕಂಪನಿಗಳ ಗಾಜು ನೋಡುತ್ತಾರೆ. ಅಲ್ಲಿ ದೊಡ್ಡ ಕಂಪನಿಗಳು ಬಾಡಿಗೆಗೆ ಬರುವ ಮೊದಲು ಹಸಿರು ಕಟ್ಟಡದ ಸರ್ಟಿಫಿಕೇಟ್ ಕೇಳುತ್ತವೆ, ಅದಕ್ಕೇ ಕಟ್ಟುವವರು ಮಾಡಿಸುತ್ತಾರೆ. ಇಲ್ಲಿ ಕೇಳುವವರು ಯಾರು? ಬೋರ್ಡಿನಲ್ಲಿ ಮೂರು ಎಲೆಗಳ ಚಿತ್ರವಿದೆ. ಯಾವ ಸಂಸ್ಥೆ ಕೊಟ್ಟಿತು, ಯಾವ ದರ್ಜೆ ಅನ್ನೋದೇ ಇಲ್ಲ. ಕಟ್ಟುವ ಮೊದಲೇ ಬರೀ ನಕ್ಷೆ ನೋಡಿ ಪೂರ್ವ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ. ಇದು ಅದೋ, ಅಥವಾ ಪೇಂಟರ್ ಕೊಟ್ಟದ್ದೋ?

ಕೇಂದ್ರದ ಇಂಧನ ಉಳಿತಾಯ ಕಟ್ಟಡ ಸಂಹಿತೆ ಬಂದದ್ದು 2007ರಲ್ಲಿ. 2017ರಲ್ಲಿ ಅದನ್ನು ತಿದ್ದಿದರು. ಪಟ್ಟಿ ಮಾಡಿದ ಮಿತಿಗಳನ್ನೇ ಪಾಲಿಸುವ ಅದರ ಸರಳ ದಾರಿಯಲ್ಲಿ ಹೋಗುವವರು ಹೊರಗೋಡೆಯಲ್ಲಿ ಕಿಟಕಿ ಗಾಜಿನ ಪಾಲು ಶೇ 40 ದಾಟಿಸುವಂತಿಲ್ಲ. ನಮ್ಮಲ್ಲಿ ಗೋಡೆಯ ಪಾಲು ಎಷ್ಟಿದೆ ಎಂದು ಹುಡುಕಬೇಕು. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ ಇರುತ್ತಿತ್ತು. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಮಲಗಿ ನಿದ್ದೆ ಮಾಡಿದವರು ಇನ್ನೂ ಊರಲ್ಲಿದ್ದಾರೆ.

ಇನ್ನೊಂದು ತಮಾಷೆ. ಕಟ್ಟಡಕ್ಕೆ ಹಾರುಬೂದಿ ಇಟ್ಟಿಗೆ ಬಳಸಿದ್ದೇ ದೊಡ್ಡ ಹಸಿರು ಸಾಧನೆ ಎಂದು ವರದಿಯಲ್ಲಿತ್ತು. ಬೂದಿ ಎಲ್ಲಿಯದು? ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಕರೆಂಟ್‌ಗಾಗಿ 1985ರಿಂದ ಕಲ್ಲಿದ್ದಲು ಸುಡುತ್ತಿದ್ದಾರೆ. ಈಗ ಅಲ್ಲಿ 1,720 ಮೆಗಾವಾಟ್ ಸ್ಥಾವರವಿದೆ, ಅದು ಸಾಲದೆಂದು ಯರಮರಸ್‌ನಲ್ಲಿ ಇನ್ನೂ 1,600. ಹೊಗೆ, ಬೂದಿ ನಮಗೆ. ರಾಜ್ಯಕ್ಕೆಲ್ಲ ಬೆಳಕು ಕೊಡುವ ಜಿಲ್ಲೆಯಲ್ಲಿ ನಾವು ಬೀಸಣಿಗೆಗೆ ಫೈಲ್ ಹುಡುಕುತ್ತೇವೆ. ಎರಡು ನದಿಗಳ ನಡುವಿನ ಊರಿಗೆ ಟ್ಯಾಂಕರ್ ನೀರು ತರಿಸುವುದೂ ಹೀಗೆಯೇ.

ಇಂಥ ಕಟ್ಟಡಗಳಿಗೆ ಅನುಮತಿ ಕೊಡುವ ಅಧಿಕಾರಿಗಳು ಸ್ಥಳಕ್ಕೆ ಬರುತ್ತಾರೋ ಇಲ್ಲವೋ? ಉದ್ಘಾಟನೆಯ ಹಾರ ತುರಾಯಿಗೆ ಬಂದಿದ್ದರು, ಆವತ್ತು ಜನರೇಟರ್ ಎಲ್ಲಾ ಮಹಡಿಗೂ ನಡೆಯಿತು. ನನ್ನ ಹಳೆಯ ಆಫೀಸಿನ ಮುಂದಿನ ಚರಂಡಿಗೆ ಅರ್ಜಿ ಕೊಟ್ಟಾಗ ಒಬ್ಬ ಸಾಹೇಬರು “ಪರಿಶೀಲನೆಯಲ್ಲಿದೆ” ಅಂದಿದ್ದರು. ಅವರಿಗೆ ವರ್ಗವಾಗಿ, ಅವರ ಜಾಗಕ್ಕೆ ಬಂದವರಿಗೂ ವರ್ಗವಾಯಿತು. ಚರಂಡಿ ಅಲ್ಲೇ ಇದೆ. ಹಗಲು ಹೊತ್ತು ಬೀದಿದೀಪ ಉರಿಯುತ್ತಲೇ ಇರುತ್ತವೆ, ಅದಕ್ಕೆ ಮಾತ್ರ ಯಾರೂ ಸೆನ್ಸರ್ ಹಾಕಿಸುವುದಿಲ್ಲ. ಮರ ಕಡಿಯಲು ಅನುಮತಿ ಮಾತ್ರ ಬೇಗ ಸಿಗುತ್ತದೆ, ಅದು ಹೇಗೋ.

ಯಾರಾದರೂ ಬಂದು ಈ ಕಟ್ಟಡ ಪರೀಕ್ಷೆ ಮಾಡಲಿ. ಇಲ್ಲವಾದರೆ ಬೋರ್ಡು ತೆಗೆಸಲಿ. ಅದೂ ಆಗದಿದ್ದರೆ ಮಹಡಿಗೆ ಎರಡು ತೆಗೆಯುವ ಕಿಟಕಿಯನ್ನಾದರೂ ಮಾಡಿಸಲಿ. ಬಂದವರು ಆ ಚರಂಡಿಯನ್ನೂ ನೋಡಿಕೊಂಡು ಹೋಗಲಿ, ದೂರವೇನಿಲ್ಲ. ಸುಮ್ನೆ ಎಸಿ ಕಾರಿನಲ್ಲಿ ಕೂತು ಸಹಿ ಹಾಕೋದಕ್ಕೇನಾ ತಿಂಗಳು ತಿಂಗಳು ಸಂಬಳ ಕೊಡುವುದು?

— ನೊಂದ ಬಾಡಿಗೆದಾರ, ರಾಯಚೂರು